ಹಾಲಿಗೆ ಹುಳಿ ಹಿಂಡಿದ ಬಲಿಪಾಡ್ಯಮಿ

ಇಂಗ್ಲೆಂಡಿನಲ್ಲಿ ದೀಪಾವಳಿ ಮಾಡೋರಿಗೆ ಪಟಾಕಿಯ ಚಿಂತೆ ಇಲ್ಲ. ನವೆಂಬರ್ 5ಕ್ಕೆ ಇಲ್ಲಿನವರದ್ದೇ ಒಂದು ಬೆಂಕಿ ಹಬ್ಬ ಇದೆ. ಅದಕ್ಕೋಸ್ಕರ ಅಕ್ಟೋಬರ್ ಮಧ್ಯದಿಂದಲೇ ಅಂಗಡಿಗಳಲ್ಲಿ ಸುರುಸುರು ಬತ್ತಿ, ರಾಕೆಟ್ಟು ಬಂದು ಕೂತಿರುತ್ತವೆ. ಉಳಿದ ದಿನ ರಾತ್ರಿ 11ರ ಮೇಲೆ ಪಟಾಕಿ ಹಚ್ಚುವ ಹಾಗಿಲ್ಲ. ದೀಪಾವಳಿ, ಹೊಸ ವರ್ಷದಂಥ ಕೆಲವೇ ರಾತ್ರಿಗಳಲ್ಲಿ 1 ಗಂಟೆವರೆಗೂ ಹಚ್ಚಬಹುದು ಅಂತ ಕಾನೂನೇ ಹೇಳುತ್ತದೆ. ಕತ್ತಲಿಗೂ ಬರ ಇಲ್ಲ. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲೆ ನಾವಿರುವ ಲೀಡ್ಸಿನಲ್ಲಿ ಸಂಜೆ ಐದಕ್ಕೆಲ್ಲ ಹಣತೆ ಹಚ್ಚಬಹುದು. ಹಚ್ಚಿದ ಹತ್ತು ನಿಮಿಷಕ್ಕೆ ಹೊಗೆ ಅಲಾರಂ ಬಾಯಿ ಮಾಡುತ್ತದೆ, ಅದು ಬೇರೆ ಮಾತು.

ಕಷ್ಟ ಇರೋದು ಅಡುಗೆಮನೆಯಲ್ಲಿ. ಚಿಕ್ಕಮಗಳೂರಿನ ನಮ್ಮ ಮನೆಯಲ್ಲಿ ದೀಪಾವಳಿಗೆ ಹೋಳಿಗೆ ಮಾಡೋಕೆ ಅಮ್ಮ, ಚಿಕ್ಕಮ್ಮ, ಅತ್ತೆ ಎಲ್ಲ ಸಾಲಾಗಿ ಕೂರುತ್ತಿದ್ದರು. ಒಬ್ಬರು ಹೂರಣ ರುಬ್ಬೋದು, ಒಬ್ಬರು ಉಂಡೆ ಕಟ್ಟೋದು, ಒಬ್ಬರು ತಟ್ಟೋದು, ಒಬ್ಬರು ಬೇಯಿಸೋದು. ಇಲ್ಲಿ ಆ ನಾಲ್ಕೂ ಜನ ನಾನೊಬ್ಬಳೇ. ಊಟಕ್ಕೆ ಬರೋರು ಮಾತ್ರ ಹದಿನೈದಿಪ್ಪತ್ತು ಮಂದಿ. ಬರೋರಿಗೆಲ್ಲ ಬಿಸಿ ಹೋಳಿಗೆ ಬಡಿಸೋಕೆ ಹೊರಟರೆ ನಾನು ಒಲೆ ಮುಂದೆ, ಹಬ್ಬ ನಡುಮನೆಯಲ್ಲಿ. ಹೊರದೇಶದಲ್ಲಿರುವ ನಮ್ಮ ಎಷ್ಟೋ ಹೆಣ್ಣುಮಕ್ಕಳ ಹಬ್ಬ ಹೀಗೇ ಕಳೆಯುತ್ತದೆ. ಅದೇನು ದೊಡ್ಡ ಸಂಪ್ರದಾಯ ಅಂತ ನನಗೆ ಅನ್ನಿಸೋದಿಲ್ಲ, ಸುಮ್ನೆ ಬೆನ್ನುನೋವು.

2024ರಲ್ಲಿ ಬಲಿಪಾಡ್ಯಮಿ ನವೆಂಬರ್ 2ಕ್ಕೆ ಬಂತು. ಶನಿವಾರ, ಎಲ್ಲರಿಗೂ ರಜೆ. ದೇವರಿಗೆ ಎಷ್ಟು ಬೇಕೋ ಅಷ್ಟೇ ಹೋಳಿಗೆ ಮಾಡಿ, ಜನಕ್ಕೆ ಹಿಂದಿನ ರಾತ್ರಿಯೇ ಮಾಡಿಡಬಹುದಾದ ಸಿಹಿ ಮಾಡೋಣ ಅಂತ ಲೆಕ್ಕ ಹಾಕಿದೆ. ಆದರೆ ಇಲ್ಲಿನ ತಣ್ಣನೆ ಸಿಹಿಗಳಲ್ಲಿ ಮುಕ್ಕಾಲುಪಾಲು ನಮ್ಮ ಹಬ್ಬಕ್ಕೆ ಆಗಿ ಬರೋದಿಲ್ಲ. ಪುಡಿಯಿಂದ ಮಾಡದ ಕಸ್ಟರ್ಡ್ ಅಂದರೆ ಮೊಟ್ಟೆ. ಮೂಸ್ ಅಂದರೆ ಬಹಳ ಸಲ ಮೊಟ್ಟೆ, ಜೊತೆಗೆ ಕೆಲವೊಮ್ಮೆ ಜೆಲಾಟಿನ್. ಜೆಲ್ಲಿಯಂತೂ ಜೆಲಾಟಿನ್ನೇ, ಅಂದರೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು. ಇವೆರಡೂ ಇಲ್ಲದೆ ಗಟ್ಟಿಯಾಗೋದು ಅಂದರೆ ಲೆಮನ್ ಪಾಸೆಟ್. ಕ್ರೀಮು, ಸಕ್ಕರೆ, ನಿಂಬೆರಸ, ಅಷ್ಟೇ.

ಪಾಸೆಟ್ ಈ ದೇಶದ ಹಳೇ ಸರಕು. ಮೊದಲು ಇದು ತಿನ್ನೋ ವಸ್ತು ಆಗಿರಲಿಲ್ಲ, ಕುಡಿಯೋದಾಗಿತ್ತು. ಬಿಸಿ ಹಾಲಿಗೆ ವೈನೋ ಬಿಯರ್ರೋ ಹಾಕಿ ಒಡೆಸಿ, ಮಸಾಲೆ ಸೇರಿಸಿ, ನೆಗಡಿ ಆದವರಿಗೆ, ನಿದ್ದೆ ಬಾರದವರಿಗೆ ಕೊಡುತ್ತಿದ್ದರು. ನಮ್ಮಲ್ಲಿ ಮಳೆಗಾಲದಲ್ಲಿ ಹಾಲು ಹಾಕಿದ ಕಷಾಯ ಕೊಡ್ತಾರಲ್ಲ, ಹಾಗೆ. ಈಗಿನ ಪಾಸೆಟ್ಟಿಗೆ ಆ ಹೆಸರು ಮಾತ್ರ ಉಳಿದಿದೆ.

ಶುಕ್ರವಾರ ಸಂಜೆ ಅಮ್ಮನಿಗೆ ವಿಡಿಯೋ ಕಾಲ್ ಮಾಡಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟೆ. ಅಲ್ಲಿ ಆಗಲೇ ರಾತ್ರಿ ಹನ್ನೊಂದಾಗಿತ್ತು. ಕ್ರೀಮಿನ ಪಾತ್ರೆ ಪಕ್ಕದಲ್ಲಿ ನಿಂಬೆಹಣ್ಣು ನೋಡಿದ್ದೇ ತಡ, ಮಲಗೋಕೆ ಹೊರಟಿದ್ದ ಅಮ್ಮ ಎದ್ದು ಕೂತರು.

"ಏನೇ ಅದು, ಹಾಲಿಗೆ ನಿಂಬೆಹಣ್ಣು? ಒಡೆಯಲ್ವಾ?"

"ಒಡೆಯಲ್ಲಮ್ಮ, ಇದು ಹಾಲಲ್ಲ, ಕ್ರೀಮು."

"ಕ್ರೀಮು ಎಲ್ಲಿಂದ ಬಂತು, ಹಸುವಿಂದಲೇ ತಾನೆ? ಹಬ್ಬದ ದಿನ ಹಾಲಿಗೆ ಹುಳಿ ಹಿಂಡ್ತಾಳಂತೆ! ದೇವರ ಮುಂದೆ ಮಾತ್ರ ಇಡಬೇಡ ಕಣೇ."

ಅಮ್ಮ ಕೇಳಿದ್ದು ಸರಿಯಾದ ಪ್ರಶ್ನೆಯೇ. ಹಾಲಿನಲ್ಲಿ ಕೊಬ್ಬು ಕಮ್ಮಿ, 100 ಗ್ರಾಮಿಗೆ 4 ಗ್ರಾಮಿನ ಆಸುಪಾಸು. ಉಳಿದದ್ದು ಬಹುಪಾಲು ನೀರು. ಹುಳಿ ಬಿದ್ದ ತಕ್ಷಣ ಅದರಲ್ಲಿರುವ ಕೇಸಿನ್ ಅನ್ನೋ ಪ್ರೋಟೀನು ಒಂದಕ್ಕೊಂದು ಅಂಟಿಕೊಂಡು ಗಂಟಾಗುತ್ತದೆ, ನೀರು ಬೇರೆಯಾಗುತ್ತದೆ. ಪನೀರ್ ಆಗೋದೇ ಹಾಗೆ. ಇಲ್ಲಿ ಸಿಗುವ ಡಬಲ್ ಕ್ರೀಮಿನಲ್ಲಿ ಕೊಬ್ಬು 48 ಪರ್ಸೆಂಟಿಗೆ ಕಮ್ಮಿ ಇರುವ ಹಾಗಿಲ್ಲ. ಅಷ್ಟು ಜಿಡ್ಡಿನ ಮಧ್ಯೆ ಕೇಸಿನ್‌ಗೆ ದೊಡ್ಡ ಗಂಟು ಕಟ್ಟೋಕೆ ಜಾಗ ಸಿಗೋದಿಲ್ಲ. ಜಿಡ್ಡಿನ ಹನಿಗಳ ಸುತ್ತಲೇ ಅಂಟಿಕೊಂಡು ಒಂದು ಮೆತ್ತನೆ ಬಲೆ ಹೆಣೆಯುತ್ತದೆ. ಕುದಿಸುವಾಗ ಒಂದಷ್ಟು ನೀರೂ ಆವಿಯಾಗಿರುತ್ತದೆ. ಹಾಗಾಗಿ ಒಡೆಯುವ ಬದಲು ಗಟ್ಟಿಯಾಗುತ್ತದೆ. ಇಷ್ಟನ್ನೂ ಅಮ್ಮನಿಗೆ ಹೇಳಿದೆ. "ನೋಡೋಣ, ಹಾಕು" ಅಂದರು.

ಅಳತೆ ಸುಲಭ. 600 ಎಂಎಲ್ ಡಬಲ್ ಕ್ರೀಮಿಗೆ 150 ಗ್ರಾಂ ಸಕ್ಕರೆ, ದೊಡ್ಡ ಹಳದಿ ನಿಂಬೆಹಣ್ಣು ಎರಡರ ರಸ, ಅಂದರೆ 75ರಿಂದ 90 ಎಂಎಲ್. ಆರು ಜನಕ್ಕೆ ಧಾರಾಳ. ಹಣ್ಣಿನ ಸಿಪ್ಪೆಯನ್ನೂ ತುರಿದು ಹಾಕೋದಾದರೆ ಮೇಣ ಹಚ್ಚದ ಹಣ್ಣನ್ನೇ ಕೇಳಿ ತರಬೇಕು. ಇಲ್ಲಿ ಹೊಳೆಯಲಿ ಅಂತ, ಬಾಡದಿರಲಿ ಅಂತ ಹಣ್ಣಿಗೆ ಮೇಣ ಬಳಿದಿರುತ್ತಾರೆ. ಹಳದಿ ಭಾಗ ಮಾತ್ರ ತುರಿಯಿರಿ, ಕೆಳಗಿನ ಬಿಳಿ ಕಹಿ.

ಪಾತ್ರೆ ದೊಡ್ಡದೇ ಇರಲಿ, ತಳ ದಪ್ಪ ಇರಲಿ. ಕ್ರೀಮು, ಸಕ್ಕರೆ, ಸಿಪ್ಪೆ ತುರಿ ಹಾಕಿ ಸಣ್ಣ ಉರಿಯಲ್ಲಿ ಸಕ್ಕರೆ ಕರಗಿಸಿ, ಆಮೇಲೆ ಉರಿ ಜಾಸ್ತಿ ಮಾಡಿ. ಕುದಿ ಬಂದ ಮೇಲೆ ಸರಿಯಾಗಿ 3 ನಿಮಿಷ ಕುದಿಯಬೇಕು. ಈ ಮೂರು ನಿಮಿಷ ಬಾಗಿಲ ಗಂಟೆ ಬಾರಿಸಿದರೂ ಕದಲಬೇಡಿ. ಕ್ರೀಮು ಕುದಿಯೋದು ಹಾಲಿನ ಹಾಗಲ್ಲ. ಅಗಲವಾದ, ಹೊಳೆಯುವ ಗುಳ್ಳೆಗಳು ಒಂದರ ಮೇಲೊಂದು ಹತ್ತಿ ಬರುತ್ತವೆ, ನೋಡ್ತಾ ನೋಡ್ತಾ ಪಾತ್ರೆಯ ಕುತ್ತಿಗೆಗೆ ಬಂದಿರುತ್ತದೆ. ಒಲೆಯಿಂದ ಇಳಿಸಿ, ಗುಳ್ಳೆ ಅಡಗಿದ ಮೇಲೆ ನಿಂಬೆರಸ ಸುರಿದು ತಿರುವಿ. ಆಗ ಸೌಟನ್ನೇ ಗಮನಿಸಿ. ಮೊದಲ ಸುತ್ತಿಗೆ ನೀರಿನಲ್ಲಿ ಆಡಿದ ಹಾಗಿರುತ್ತದೆ. ನಾಲ್ಕೈದು ಸುತ್ತು ಆಗುವಷ್ಟರಲ್ಲಿ ಸೌಟು ಹೋದ ದಾರಿಯಲ್ಲಿ ಗೆರೆ ಮೂಡಿ, ನಿಧಾನಕ್ಕೆ ಮುಚ್ಚಿಕೊಳ್ಳುತ್ತದೆ. ಸೌಟಿನ ಬೆನ್ನಿಗೆ ತೆಳುವಾಗಿ ಹಚ್ಚಿಕೊಂಡು ನಿಲ್ಲುತ್ತದೆ. ಅಮ್ಮ ಕ್ಯಾಮೆರಾ ಹತ್ತಿರ ತರೋಕೆ ಹೇಳಿ ನೋಡಿದರು. "ಒಡೀಲಿಲ್ಲ ನೋಡು" ಅಂತ ತಾವೇ ನನಗೆ ಹೇಳಿ ಮಲಗೋಕೆ ಹೋದರು.

ಸೋಸಿ, ಚಿಕ್ಕ ಚಿಕ್ಕ ಲೋಟಗಳಿಗೆ ಹಾಕಿಟ್ಟೆ. ಚಿಕ್ಕದೇ ಸಾಕು. ಅಷ್ಟು ಜಿಡ್ಡಿನದು, ದೊಡ್ಡ ಲೋಟ ಕೊಟ್ಟರೆ ಅರ್ಧ ಬಿಡ್ತಾರೆ. ಫ್ರಿಜ್ಜಿನಲ್ಲಿ ನಾಲ್ಕು ಗಂಟೆ ಬೇಕು, ಇಡೀ ರಾತ್ರಿ ಇದ್ದರೆ ಇನ್ನೂ ಚೆನ್ನ. ತಣ್ಣಗಾದ ಮೇಲೆ ಮುಚ್ಚಿಡೋದನ್ನು ಮರೀಬೇಡಿ. ಜಿಡ್ಡು ಪಕ್ಕದವರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ನಮ್ಮ ಫ್ರಿಜ್ಜಿನಲ್ಲಿ ಪಕ್ಕದವರು ಅಂದರೆ ಈರುಳ್ಳಿ ಹುಳಿ, ಬೆಳ್ಳುಳ್ಳಿ ಚಟ್ನಿ.

ಬೆಳಗ್ಗೆ ಗೋಪೂಜೆ ಆಗಬೇಕಿತ್ತು. ಊರಲ್ಲಾದರೆ ಹಸುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಚೆಂಡು ಹೂವಿನ ಸರ ಹಾಕಿ ಹೋಳಿಗೆ ತಿನ್ನಿಸುತ್ತಾರೆ. ಲೀಡ್ಸಿನಿಂದ ಸ್ವಲ್ಪ ಹೊರಗೆ ಹೋದರೆ ಯಾರ್ಕ್‌ಷೈರಿನ ತುಂಬ ಹಸುಗಳೇ. ಆದರೆ ಯಾರದೋ ಬೇಲಿ ದಾಟಿ ಕುಂಕುಮ ಹಚ್ಚೋಕಾಗುತ್ತಾ? ಮಗಳು ಒಂದು ದಾರಿ ಹುಡುಕಿದಳು. ತೊಳೆದಿಟ್ಟ ಕ್ರೀಮ್ ಡಬ್ಬಿಯ ಮೇಲೆ ಕಪ್ಪು ಬಿಳುಪು ಹಸುವಿನ ಚಿತ್ರ ಇತ್ತು. ಅದರ ಹಣೆಗೆ ಒದ್ದೆ ಬೆರಳಲ್ಲಿ ಕುಂಕುಮ ಇಟ್ಟಳು. ಆಮೇಲೆ ಡಬ್ಬಿಯೊಳಗೆ ಎರಡು ಹೂವು ಹಾಕಿ ದೇವರ ಪಕ್ಕ ಕೂರಿಸಿದಳು. ನೈವೇದ್ಯದ ಹೋಳಿಗೆಯಲ್ಲಿ ಒಂದು ಚೂರು ಅದಕ್ಕೂ ಹೋಯಿತು.

ಬಂದವರಲ್ಲಿ ಅರ್ಧ ಚಿಕ್ಕಮಗಳೂರು, ಅರ್ಧ ಹಾಸನ. ನಮ್ಮನೆಯವರೂ ಹಾಸನದವರೇ. ದೀಪಾವಳಿ ಬಂದರೆ ಇವರ ನಡುವೆ ಒಂದು ಜಗಳ ಆಗಲೇಬೇಕು. ಅವರಿಗೆ ಹಾಸನಾಂಬೆ, ನಮಗೆ ದೇವೀರಮ್ಮ. ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ಹಾಸನಾಂಬೆ ಗುಡಿಯ ಬಾಗಿಲು ತೆಗೆಯುತ್ತಾರೆ, ಹಿಂದಿನ ವರ್ಷ ಹಚ್ಚಿಟ್ಟ ದೀಪ ಆರಿರೋದಿಲ್ಲ, ಹೂವು ಬಾಡಿರೋದಿಲ್ಲ ಅಂತ ಅವರು ಹೇಳಿದರೆ, "ನೀವು ಸಾಲಿನಲ್ಲಿ ನಿಂತಿರ್ತೀರಿ, ನಾವು ರಾತ್ರಿಯೆಲ್ಲ ಬರಿಗಾಲಲ್ಲಿ ದೇವೀರಮ್ಮನ ಬೆಟ್ಟ ಹತ್ತುತ್ತೀವಿ" ಅಂತ ನಮ್ಮವರು. ಇಷ್ಟು ವರ್ಷ ಈ ಜಗಳ ನನಗೆ ಒಗ್ಗರಣೆ ಸದ್ದಿನ ಮಧ್ಯೆ ಅರ್ಧಂಬರ್ಧ ಕೇಳಿಸುತ್ತಿತ್ತು. ಈ ಸಲ ನಾನೂ ಕೂತು ಬಾಯಿ ಹಾಕಿದೆ.

ಲೋಟಗಳನ್ನು ಹೊರಗೆ ತಂದಾಗ ಎಲ್ಲರೂ ಕೇಳಿದ್ದು ಒಂದೇ ಪ್ರಶ್ನೆ: "ಮೊಟ್ಟೆ ಇದ್ಯಾ?" ಇಲ್ಲ ಅಂದ ಮೇಲೆ ಚಮಚ ಇಳಿಯಿತು. ಮೇಲೆ ತೆಳುವಾದ ಕೆನೆಯಂಥ ಪದರ, ಕೆಳಗೆ ನುಣ್ಣನೆ ಬಿಳಿ, ಮೊದಲು ಸಿಹಿ, ನುಂಗುವಾಗ ಹುಳಿ. ಹೊಟ್ಟೆ ತುಂಬ ಪುಳಿಯೋಗರೆ, ಬೋಂಡ ತಿಂದವರಿಗೆ ಆ ಹುಳಿಯೇ ಬೇಕಿತ್ತು. ಹಬ್ಬದೂಟದ ಕೊನೆಗೆ ತುಪ್ಪ ಸುರಿದ ಹೋಳಿಗೆಗಿಂತ ಇದೇ ಮೇಲು ಅಂತ ನನ್ನ ಅಭಿಪ್ರಾಯ. ಹಾಸನದ ಅಣ್ಣ ಒಬ್ಬರು ಇದನ್ನು ಒಪ್ಪಲೇ ಇಲ್ಲ. ಲೋಟ ಖಾಲಿ ಮಾಡಿ, "ಚೆನ್ನಾಗಿದೆ ಕಣಮ್ಮ, ಈಗ ಒಬ್ಬಟ್ಟು ತಗೊಂಡು ಬಾ" ಅಂದರು.

ಊರಲ್ಲಿ ಮಾಡೋರಿಗೆ ಕೆಲವು ಮಾತು. ಅಲ್ಲಿ ಸಾಮಾನ್ಯವಾಗಿ ಸಿಗುವ ಪೊಟ್ಟಣದ ಫ್ರೆಶ್ ಕ್ರೀಮಿನಲ್ಲಿ ಕೊಬ್ಬು 25 ಪರ್ಸೆಂಟ್ ಅಷ್ಟೇ. ಅದು ಗಟ್ಟಿಯಾಗಿ ಕೂರೋದಿಲ್ಲ. 35 ಪರ್ಸೆಂಟ್ ಇರುವ ವಿಪ್ಪಿಂಗ್ ಕ್ರೀಮ್ ಹುಡುಕಿ, ಅದು ಹಾಲಿನದ್ದೇ ಅಂತ ಪೊಟ್ಟಣ ಓದಿ ನೋಡಿ. ಕೇಕ್ ಅಂಗಡಿಯವರು ಬಳಸುವ, ಮೊದಲೇ ಸಕ್ಕರೆ ಬೆರೆಸಿದ ವನಸ್ಪತಿ ಕ್ರೀಮು ಇದಕ್ಕೆ ಬೇಡ. ನಮ್ಮ ಸಣ್ಣ ನಿಂಬೆಯ ಸಿಪ್ಪೆ ಬೇಗ ಕಹಿ ಬಿಡುತ್ತದೆ, ರಸ ಮಾತ್ರ ಸಾಕು. ಕಾಫಿ ತೋಟದ ಕಿತ್ತಳೆ ಹಾಕಬೇಕು ಅಂತ ಆಸೆ ಇದ್ದರೆ ಹಾಕಿ, ಆದರೆ ಕಿತ್ತಳೆ ಒಂದಕ್ಕೇ ಅಷ್ಟು ಹುಳಿ ಇರೋದಿಲ್ಲ, ಜೊತೆಗೆ ನಿಂಬೆರಸ ಇರಲೇಬೇಕು.

ಈ ಕಿತ್ತಳೆಯದ್ದನ್ನು ಅಮ್ಮ ಡಿಸೆಂಬರಿನಲ್ಲಿ ಮಾಡಿದರು. ಬೆಳ್ಳಗೆ ಇದ್ದರೆ ಹಬ್ಬದ ಕಳೆ ಇಲ್ಲ ಅಂತ ಒಂದೆರಡು ಎಸಳು ಕೇಸರಿ ಸೇರಿಸಿದ್ದರು. ಸ್ಟೀಲ್ ಲೋಟಗಳಲ್ಲಿ ಇಟ್ಟು ಫೋಟೋ ಕಳಿಸಿದರು. ಅಪ್ಪ ಅದಕ್ಕೆ ಕೋಡುಬಳೆ ಅದ್ದಿಕೊಂಡು ತಿಂದರಂತೆ. ಇಲ್ಲಿನವರು ಬಿಸ್ಕೆಟ್ ಜೊತೆ ತಿನ್ನುತ್ತಾರೆ. ಕೋಡುಬಳೆಯೇ ವಾಸಿ ಅಂತ ಕಾಣುತ್ತದೆ.