ಹಾಜರಿ ಪುಸ್ತಕದ ಒಂಬತ್ತನೇ ನಂಬರು

ಒಂಬತ್ತನೇ ಕ್ಲಾಸಿನಲ್ಲಿ ನನ್ನ ರೋಲ್ ನಂಬರು 9. ಕರ್ನಾಟಕದಲ್ಲಿ ಹೈಸ್ಕೂಲು ಓದಿದ ಗಂಡುಮಕ್ಕಳಿಗೆ ಇದರ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಮೇಷ್ಟ್ರು ಹಾಜರಿ ಕರೆಯುತ್ತಾ ‘ಎಂಟು’ ಅನ್ನುವಷ್ಟರಲ್ಲೇ ಹಿಂದಿನ ಬೆಂಚಿನಲ್ಲಿ ಕಿಸಕಿಸ ಶುರು. ‘ಒಂಬತ್ತು’ ಅಂದಾಗ ನಾನು ಎದ್ದು ‘ಎಸ್ ಸಾರ್’ ಅನ್ನಬೇಕು. ಆ ಅಂಕಿಯನ್ನು ಬೈಗುಳ ಮಾಡಿಕೊಂಡಿದ್ದು ಎಷ್ಟು ಕೆಟ್ಟದ್ದು, ಅದು ಯಾರನ್ನೆಲ್ಲ ನೋಯಿಸುತ್ತದೆ ಅಂತ ಯೋಚಿಸುವ ವಯಸ್ಸಲ್ಲ ಅದು. ನನಗೆ ಎಂಟೋ ಹತ್ತೋ ಸಿಕ್ಕಿದ್ದರೆ ಸಾಕಿತ್ತು. ಗ್ರಹಚಾರಕ್ಕೆ ಹಾಸ್ಟೆಲ್ಲಿನಲ್ಲಿ ಸಿಕ್ಕ ರೂಮೂ ಒಂಬತ್ತೇ.

ಇದು 1979ರ ಮಾತು. ಸಂತೆ ಮೈದಾನದಲ್ಲಿ ಟೂರಿಂಗ್ ಟಾಕೀಸ್ ಬಂದು ಕೂತಿತ್ತು. ನೆಲದಲ್ಲಿ ಮರಳು, ಹಿಂದೆ ಬೆಂಚು, ಅದರ ಹಿಂದೆ ನಾಲ್ಕು ಸಾಲು ಕುರ್ಚಿ. ದೇವರ ಹಾಡು ಹಾಕಿದರೆಂದರೆ ಟಿಕೆಟ್ ಕೊಡಲು ಶುರು ಮಾಡಿದರು ಅಂತ ಅರ್ಥ. ಹಾಸ್ಟೆಲ್ಲಿನ ಕಿಟಕಿಗೂ ಆ ಹಾಡು ಕೇಳಿಸುತ್ತಿತ್ತು. ಓದಲು ಕೂತವರ ಹೊಟ್ಟೆಯಲ್ಲಿ ಸಂಕಟ.

ಒಂದು ದಿನ ಎತ್ತಿನ ಗಾಡಿಗೆ ಪೋಸ್ಟರ್ ಕಟ್ಟಿಕೊಂಡು, ಮೈಕಿನಲ್ಲಿ ಕೂಗುತ್ತಾ ಬಂದರು. ‘ಗೋವಾದಲ್ಲಿ ಸಿಐಡಿ 999’. ಮೂರು ಒಂಬತ್ತು! ಅದೂ ರಾಜ್‌ಕುಮಾರ್! ಅಂದು ರಾತ್ರಿ ಸೆಕೆಂಡ್ ಶೋಗೆ ಕಾಂಪೌಂಡು ಹಾರಿದೆವು. ಹಾರಿದೆವು ಅನ್ನುವುದು ಸುಮ್ನೆ ಮರ್ಯಾದೆಗೆ. ನನ್ನನ್ನು ಇಬ್ಬರು ಎತ್ತಿ ಆಚೆ ಹಾಕಿದರು.

ಚಿತ್ರ ಬಂದಿದ್ದು 1968ರಲ್ಲಿ. ಪ್ರಿಂಟು ಅಷ್ಟೊತ್ತಿಗೆ ಸವೆದು ಹೋಗಿತ್ತು, ಪರದೆ ಮೇಲೆ ಮಳೆ ಸುರಿದ ಹಾಗೆ ಗೆರೆ. ಯಾರಿಗೆ ಬೇಕು ಅದೆಲ್ಲ? ಗೋವಾ ಪೋರ್ಚುಗೀಸರ ಕೈಯಿಂದ ಬಿಡುಗಡೆಯಾಗಿದ್ದು 1961ರ ಡಿಸೆಂಬರಿನಲ್ಲಿ. ಅಂದರೆ ಈ ಚಿತ್ರ ಬಂದಾಗ ಏಳು ವರ್ಷವೂ ತುಂಬಿರಲಿಲ್ಲ. ಪಕ್ಕದಲ್ಲೇ ಇದ್ದೂ ಪರದೇಶವಾಗಿದ್ದ ಜಾಗ. ಪತ್ತೇದಾರನನ್ನು ಕಳಿಸಲು ಅದಕ್ಕಿಂತ ಒಳ್ಳೆಯ ಊರು ಬೇಕೇ?

ನಮ್ಮಪ್ಪನ ಕಾಲದವರಿಗೆ ರಾಜ್‌ಕುಮಾರ್ ಅಂದರೆ 1954ರ ಬೇಡರ ಕಣ್ಣಪ್ಪ, ಆಮೇಲೆ ಕನಕದಾಸ, ರಣಧೀರ ಕಂಠೀರವ. ಅಂಥವರಿಗೆ ಸೂಟು ತೊಡಿಸಿ ಕೈಗೆ ಪಿಸ್ತೂಲು ಕೊಟ್ಟವರು ನಿರ್ದೇಶಕರಾದ ದೊರೈ–ಭಗವಾನ್ ಜೋಡಿ. 1968ರ ‘ಜೇಡರ ಬಲೆ’ಯಿಂದ ಶುರು. ಅದೇ ವರ್ಷ ಗೋವಾ, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’. ಆಮೇಲೆ 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ನಡುವೆ ಎಷ್ಟು ವರ್ಷ ಲೆಕ್ಕ ಹಾಕಿ. ಅಲ್ಲೂ ಒಂಬತ್ತೇ!

ಮಾರನೇ ದಿನ ಹಾಜರಿಯಲ್ಲಿ ‘ಒಂಬತ್ತು’ ಅಂದಾಗ ಕಿಸಕಿಸ ಬರಲಿಲ್ಲ. ಹಿಂದಿನ ಬೆಂಚಿನಿಂದ ಯಾರೋ ಬಾಯಲ್ಲೇ ಗುಂಡು ಹಾರಿಸಿದರು, ‘ಢಿಶುಂ’. ಒಂಬತ್ತನೇ ಕ್ಲಾಸು, ಒಂಬತ್ತನೇ ನಂಬರು, ಒಂಬತ್ತನೇ ರೂಮು. ಈ ಲೆಕ್ಕ ಯಾರು ಕಂಡುಹಿಡಿದರೋ ಗೊತ್ತಿಲ್ಲ, ಮಧ್ಯಾಹ್ನದ ಹೊತ್ತಿಗೆ ನಾನು ‘ತ್ರಿಬಲ್ ನೈನ್’ ಆಗಿದ್ದೆ. ಸಂಜೆ ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ದೊಡ್ಡದಾಗಿ 999 ಅಂತ ಬರೆದುಕೊಂಡೆ.

ಅಲ್ಲೇ ಸಿಕ್ಕಿಬಿದ್ದಿದ್ದು. ವಾರ್ಡನ್ನರು ಟ್ರಂಕು ನೋಡಿ ಕಾಂಪೌಂಡಿನ ವಿಷಯ ಬಾಯಿ ಬಿಡಿಸಿದರು. ಕೈಗೆ ನಾಲ್ಕು ಏಟು. ಇಂಗ್ಲಿಷ್ ಮೇಷ್ಟ್ರು ಮಾತ್ರ ನಕ್ಕರು. “ಟ್ರಂಕಿನ ಮೇಲೆ ನಂಬರು ಬರಕೊಳ್ಳೋನು ಎಂಥಾ ಗೂಢಚಾರನಯ್ಯಾ?”

ಆ ದಿನ ಪಾಠ ಮಾಡಲಿಲ್ಲ ಅವರು. ಜೇಮ್ಸ್ ಬಾಂಡ್ ಕಥೆಗಳನ್ನು ಬರೆದ ಇಯಾನ್ ಫ್ಲೆಮಿಂಗ್ ಬಗ್ಗೆ ಹೇಳಿದರು. ಎರಡನೇ ಮಹಾಯುದ್ಧದಲ್ಲಿ ಆತ ಬ್ರಿಟಿಷ್ ನೌಕಾಪಡೆಯ ಗುಪ್ತಚರ ವಿಭಾಗದಲ್ಲಿದ್ದ, ಜಾಸ್ತಿ ಹೊತ್ತು ಲಂಡನ್ನಿನ ಆಫೀಸಿನಲ್ಲಿ ಕೂತು ಮಾಡುವ ಕೆಲಸವೇ. ಜಮೈಕಾದ ಮನೆಯಲ್ಲಿ ಕೂತು ಬರೆದ ಮೊದಲ ಕಾದಂಬರಿ ಬಂದಿದ್ದು 1953ರಲ್ಲಿ. ನಾಯಕನಿಗೆ ತೀರಾ ಸಪ್ಪೆ ಹೆಸರೊಂದು ಬೇಕಿತ್ತಂತೆ. ವೆಸ್ಟ್ ಇಂಡೀಸಿನ ಹಕ್ಕಿಗಳ ಬಗ್ಗೆ ಪುಸ್ತಕ ಬರೆದ ವಿಜ್ಞಾನಿಯ ಹೆಸರು ಕಣ್ಣಿಗೆ ಬಿತ್ತು. ಅದನ್ನೇ ಎತ್ತಿಕೊಂಡ.

ನನಗೆ ತಟ್ಟನೆ ಹೊಳೆಯಿತು. ನಮ್ಮ ಸಿಐಡಿಯ ಹೆಸರು ಪ್ರಕಾಶ್. ನಮ್ಮ ಕ್ಲಾಸಿನಲ್ಲೇ ಮೂವರು ಪ್ರಕಾಶರಿದ್ದರು! ಒಬ್ಬನಿಗೆ ಸದಾ ನೆಗಡಿ. ಹೆಸರಿನಲ್ಲಿ ಏನೂ ಇಲ್ಲ, ಇರುವುದೆಲ್ಲ ನಂಬರಿನಲ್ಲಿ. ಯಾರು ಬೇಕಾದರೂ ಒಳಗೊಳಗೇ ಅವನಾಗಬಹುದು. ಈ ಗೂಢಚಾರರು ಇಷ್ಟು ವರ್ಷ ಬಾಳಿದ್ದಕ್ಕೆ ಕಾರು, ಪಿಸ್ತೂಲು, ಚೆಲುವೆಯರಿಗಿಂತ ಇದೇ ಹೆಚ್ಚಿನ ಕಾರಣ ಅಂತ ನನಗೆ ಈಗಲೂ ಅನ್ನಿಸುತ್ತದೆ.

ಡೈಮಂಡ್ ರಾಕೆಟ್ ನಮ್ಮ ಟೆಂಟಿಗೆ ಬಂದಾಗ ಹಾಸ್ಟೆಲ್ಲಿನವರೇ ಅನುಮತಿ ಕೊಟ್ಟರು. ಈ ಸಲ ಬಣ್ಣ, ನೇಪಾಳ, ಅದರ ಮೇಲೆ ರಾಜ್‌ಕುಮಾರ್ ಇಂಗ್ಲಿಷಿನಲ್ಲಿ ಹಾಡಿದ ‘ಇಫ್ ಯು ಕಮ್ ಟುಡೇ’. ಇಂಗ್ಲಿಷ್ ಅಂದರೆ ಚಳಿಜ್ವರ ಬರುತ್ತಿದ್ದ ಹುಡುಗರು ಕೊಳಾಯಿ ಹತ್ತಿರ ಬಟ್ಟೆ ಒಗೆಯುತ್ತಾ ಅದನ್ನೇ ಕಿರುಚುತ್ತಿದ್ದರು. ಕ್ಲಾಸಿಗೆ ತಡವಾಗಿ ಬಂದವರನ್ನು ಮೇಷ್ಟ್ರು ಬಾಗಿಲಲ್ಲೇ ನಿಲ್ಲಿಸಿ ಆ ಹಾಡಿನ ಮೊದಲ ಸಾಲು ಹಾಡಿಸುತ್ತಿದ್ದರು. ಕೆಲವರು ಹಾಡಲಿಕ್ಕೇ ತಡವಾಗಿ ಬರುತ್ತಿದ್ದರು ಅನ್ನುವುದು ಬೇರೆ ಮಾತು.

ಆ ಕಡೆ ಬಾಂಡ್ ಪಾತ್ರಕ್ಕೆ ಕಾನರಿಯಿಂದ ಕ್ರೇಗ್ ತನಕ ಆರು ಜನ ಬಂದು ಹೋದರು, 1962ರಿಂದ 2021ರವರೆಗೆ 25 ಚಿತ್ರ. ನಮ್ಮ 999 ನಾಲ್ಕಕ್ಕೇ ನಿಂತ. ನನಗೇನೂ ಬೇಸರವಿಲ್ಲ. ಆ ನಂಬರನ್ನು ಇನ್ನೊಬ್ಬರಿಗೆ ಕೊಟ್ಟಿದ್ದರೆ ನಾನಂತೂ ನೋಡುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಮಗಳು ಕೆಲಸಕ್ಕೆ ಇಂಗ್ಲೆಂಡಿಗೆ ಹೋದಳು. ಮೊದಲ ವಾರವೇ ಫೋನು. “ಅಪ್ಪಾ, ಇಲ್ಲಿ ಪೊಲೀಸರನ್ನ ಕರೀಬೇಕಂದ್ರೆ ನಿನ್ನ ನಂಬರ್ ಒತ್ತಬೇಕಂತೆ!” ವಿಚಾರಿಸಿದರೆ 1937ರಿಂದಲೂ ಅಲ್ಲಿ ತುರ್ತು ಕರೆಗೆ 999 ಅಂತೆ. ಟ್ರಂಕು ಇನ್ನೂ ಅಟ್ಟದ ಮೇಲಿದೆ. ಫೋಟೋ ತೆಗೆದು ಕಳಿಸಿದೆ.

ಲೇಖನದ ಕೆಳಗೆ ಹೆಸರು, ಬ್ಯಾಚು ಬರೆದುಕೊಡಿ ಅಂತ ಸಂಪಾದಕರು ಕೇಳಿದ್ದಾರೆ. ಹೆಸರು ಹಾಕಿದರೆ ನನ್ನ ಬ್ಯಾಚಿನವರಿಗೆ ಯಾರು ಅಂತ ಗೊತ್ತಾಗುವುದು ಕಷ್ಟ. ದಯವಿಟ್ಟು ನಂಬರನ್ನೇ ಹಾಕಿ.