ತಪ್ಪು ಪಂಪಿನದು, ಬೈಸಿಕೊಂಡದ್ದು ಕಾರ್ಬೊರೇಟರ್

ಎರಡು ದಿನ ಬರೀ ಕಾರ್ಬೊರೇಟರಿನ ಜೆಟ್ (ಪೆಟ್ರೋಲ್ ಹರಿಯುವ ಸಣ್ಣ ತೂತಿನ ತಿರುಪು) ಬದಲಿಸಿದ್ದೇ ಬಂತು. ಕೈಯೆಲ್ಲ ಪೆಟ್ರೋಲ್ ವಾಸನೆ, ನನ್ನ ರೇಸ್ ಕಾರ್ಟ್ ಮಾತ್ರ ಹಾಗೇ ಇತ್ತು. ತಿರುವಿನಿಂದ ಎದ್ದು ಬರುವಾಗ ಚೆನ್ನಾಗೇ ಎಳೆಯುತ್ತಿತ್ತು, ಆದರೆ ಸ್ಟ್ರೈಟ್‌ನಲ್ಲಿ ಥ್ರಾಟಲ್ ಪೂರ್ತಿ ಒತ್ತಿ ಹಿಡಿದರೆ ಅರ್ಧ ದಾಟುವಷ್ಟರಲ್ಲಿ ಯಾರೋ ಹಿಂದಿನಿಂದ ಬಂಪರ್ ಹಿಡಿದು ಜಗ್ಗಿದ ಹಾಗೆ ಮಂಕಾಗುತ್ತಿತ್ತು.

ನನ್ನದು 125 ಸಿಸಿ ಟೂ-ಸ್ಟ್ರೋಕ್ ಗೇರ್ ಕಾರ್ಟ್, ಡೆಲ್ಲೋರ್ಟೊ ವಿಎಚ್‌ಎಸ್‌ಎಚ್ 30 ಕಾರ್ಬೊರೇಟರ್. ಲೀನ್ ಆಗಿದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಿಗುತ್ತಿಲ್ಲ ಅಂದುಕೊಂಡು ಮೇನ್ ಜೆಟ್ 165ರಿಂದ 168, ಆಮೇಲೆ 172. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ಹಾಗಾಯ್ತು. ಜೆಟ್ ದೊಡ್ಡದಾದಷ್ಟೂ ಫ್ಲೋಟ್ ಬೌಲ್ (ಕಾರ್ಬೊರೇಟರ್ ಕೆಳಗಿನ ಪೆಟ್ರೋಲ್ ಬಟ್ಟಲು) ಬೇಗ ಖಾಲಿ. ಪಂಪ್ ತುಂಬಿಸುವುದಕ್ಕಿಂತ ಜಾಸ್ತಿ ಎಂಜಿನ್ ಕುಡಿಯುತ್ತಿದ್ದರೆ ಜೆಟ್ ಏನು ಮಾಡೀತು ಪಾಪ!

ಕಾರ್ಟಿನ ಟ್ಯಾಂಕ್ ಕಾಲುಗಳ ಮಧ್ಯೆ, ನೆಲಕ್ಕೆ ಹತ್ತಿರ ಇರುತ್ತದೆ. ಇಂಧನ ತಾನಾಗಿ ಕಾರ್ಬೊರೇಟರ್‌ವರೆಗೆ ಹತ್ತುವುದಿಲ್ಲ, ಅದಕ್ಕೇ ಪಂಪ್ ಬೇಕು. ಈ ಪಂಪಿಗೆ ಕರೆಂಟ್ ಇಲ್ಲ, ಮೋಟರ್ ಇಲ್ಲ. ಪಿಸ್ಟನ್ ಮೇಲೆ ಹೋದಾಗ ಕ್ರ್ಯಾಂಕ್‌ಕೇಸ್ (ಪಿಸ್ಟನ್ ಕೆಳಗಿನ ಕೋಣೆ) ಒಳಗೆ ಎಳೆತ, ಕೆಳಗೆ ಬಂದಾಗ ಒತ್ತಡ. ಆ ಬಡಿತ (ಪಲ್ಸ್) ಒಂದು ಸಣ್ಣ ಹೋಸಿನಲ್ಲಿ ಬಂದು ಪಂಪಿನೊಳಗಿನ ಡಯಾಫ್ರಮ್, ಅಂದರೆ ತೆಳು ಪೊರೆಯನ್ನು ಅಲ್ಲಾಡಿಸುತ್ತದೆ. 12,000 ಆರ್‌ಪಿಎಂನಲ್ಲಿ ಸೆಕೆಂಡಿಗೆ 200 ಬಡಿತ.

ಆ ಹೋಸನ್ನೇ ನಾನು ಹಾಳು ಮಾಡಿದ್ದೆ. ಸೀಟಿನ ಹಿಂದೆ ಪಂಪಿಗೆ ಜಾಗ ಚೆನ್ನಾಗಿ ಕಂಡಿತು, ಅಲ್ಲೇ ಕೆಳಗೆ ಕಟ್ಟಿದೆ. ಎಂಜಿನ್‌ವರೆಗೆ ಮುಟ್ಟಬೇಕಲ್ಲ ಅಂತ ಕೈಗೆ ಸಿಕ್ಕ ಉದ್ದನೆಯ ಮೆತ್ತಗಿನ ಪೈಪ್ ಹಾಕಿದೆ. ಮೆತ್ತಗಿನ ಪೈಪ್ ಬಡಿತಕ್ಕೆ ತಾನೇ ಉಬ್ಬಿ ಕುಗ್ಗುತ್ತದೆ, ಅರ್ಧ ಶಕ್ತಿ ದಾರಿಯಲ್ಲೇ ಹೋಗುತ್ತದೆ. ಸಾಲದ್ದಕ್ಕೆ ಪಂಪ್ ತಗ್ಗಿನಲ್ಲಿದ್ದರೆ ಕ್ರ್ಯಾಂಕ್‌ಕೇಸಿನ ಎಣ್ಣೆ-ಪೆಟ್ರೋಲ್ ಬಂದು ಹೋಸಿನಲ್ಲೇ ನಿಲ್ಲುತ್ತದೆ. ಬಿಚ್ಚಿದಾಗ ಒಂದು ಚಮಚದಷ್ಟು ಸುರಿಯಿತು. ಅಲ್ಲಿಗೆ ತಲೆಗೆ ಹೊಳೆಯಿತು.

ಈಗ ಪಂಪ್ ಎಂಜಿನ್ ಪಕ್ಕದಲ್ಲೇ, ಪಲ್ಸ್ ತೆಗೆಯುವ ಜಾಗಕ್ಕಿಂತ ಮೇಲೆ, ಪಲ್ಸ್ ಮೂತಿ ಕೆಳಮುಖ. ಹೋಸ್ ಗಟ್ಟಿ, ಆದಷ್ಟು ಗಿಡ್ಡ. ಇಂಧನದ ಪೈಪ್ ಪಾರದರ್ಶಕವಾದದ್ದೇ ಹಾಕಿ, ಗುಳ್ಳೆ ಬಂದರೆ ಕಾಣುತ್ತದೆ. ಸಾಲುಸಾಲಾಗಿ ಗುಳ್ಳೆ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತ. ಪಂಪ್ ಹಳೆಯದಾದರೆ ಡಯಾಫ್ರಮ್ ಗಟ್ಟಿಯಾಗಿದೆಯಾ ನೋಡಿ.

ಹೇಗೂ ಬಿಚ್ಚಿದ್ದೆ, ಕಾರ್ಬೊರೇಟರ್ ಕಡೆಯೂ ಕಣ್ಣಾಡಿಸಿದೆ. ತಲೆಕೆಳಗು ಹಿಡಿದಾಗ ಫ್ಲೋಟ್ (ಬೌಲಿನ ಪೆಟ್ರೋಲ್ ಮಟ್ಟ ಕಾಯುವ ತೇಲುಬುರುಡೆ) ತೋಳು ಕಾರ್ಬೊರೇಟರ್ ಬಾಡಿಗೆ ಸಮಾನಾಂತರವಾಗಿರಬೇಕು. ನನ್ನದು ಒಂದು ಕಡೆ ಸ್ವಲ್ಪ ಬಾಗಿತ್ತು. ಬೌಲ್‌ನ ಗಾಳಿ ಪೈಪ್ ಎಲ್ಲಾದರೂ ಮಡಚಿದ್ದರೂ ಇದೇ ಕಾಟ. ಟಿಲ್ಲಟ್ಸನ್ ತರಹದ ಡಯಾಫ್ರಮ್ ಕಾರ್ಬೊರೇಟರ್ ಆದರೆ ಪಂಪ್ ಒಳಗೇ ಇರುತ್ತದೆ, ಅದರ ಪಾಪ್-ಆಫ್ ಒತ್ತಡದ (ಒಳಗಿನ ಇಂಧನ ವಾಲ್ವ್ ತೆರೆಯುವ ಒತ್ತಡ) ಕಥೆಯೇ ಬೇರೆ.

ಮತ್ತೆ 165 ಹಾಕಿದೆ, ಸ್ಟ್ರೈಟ್ ಕೊನೆವರೆಗೂ ಎಳೆಯಿತು. ಒಳಗೊಳಗೇ ಸ್ವಲ್ಪ ಹೆದರಿಕೆ ಆಯ್ತು ನಿಜ, ಟೂ-ಸ್ಟ್ರೋಕ್‌ನಲ್ಲಿ ಇಂಧನ ಕಡಿಮೆಯಾದರೆ ಎಣ್ಣೆಯೂ ಕಡಿಮೆ ಅಲ್ವಾ, ಆ ಎರಡು ದಿನದಲ್ಲಿ ಎಂಜಿನ್ ಸೀಜ್ ಆಗದೇ ಉಳಿದದ್ದು ಬರೀ ಅದೃಷ್ಟ. ತೆಗೆದ ಆ ಮೆತ್ತಗಿನ ಪೈಪನ್ನು ಎಸೆಯಲಿಲ್ಲ. ಓವರ್‌ಫ್ಲೋ ಬಾಟಲಿಗೆ ಸರಿಯಾಗಿ ಕೂತಿದೆ.