ಘಟ್ಟ ಇಳಿಯುವ ಮುಂಚೆ: ಹಿರಿಯರ ಆರೋಗ್ಯ ವಿಮೆಯ ಬಗ್ಗೆ ವಿಮಾ ಮೇಜಿನ ಅನುಭವ

"ಅಜ್ಜಿಗೆ ಶುಗರ್ ಎಷ್ಟು ವರ್ಷದಿಂದ ಇದೆ?"

ದಾಖಲಾದ ರಾತ್ರಿ ಡ್ಯೂಟಿ ಡಾಕ್ಟರು ಕೇಳುವ ಈ ಒಂದು ಪ್ರಶ್ನೆಯ ಮೇಲೆ ಲಕ್ಷಗಟ್ಟಲೆ ರೂಪಾಯಿಯ ಕ್ಲೇಮ್ ನಿಂತಿರುತ್ತದೆ. ಜೊತೆಗೆ ಬಂದ ಸೊಸೆ ಗಾಬರಿಯಲ್ಲಿ, "ತುಂಬ ವರ್ಷ ಆಯ್ತು ಡಾಕ್ಟ್ರೇ, ಹತ್ತು ವರ್ಷ ಇರಬಹುದು" ಅಂದುಬಿಡುತ್ತಾರೆ. ಕೇಸ್ ಶೀಟಿನ ಮೊದಲ ಹಾಳೆಯಲ್ಲಿ "ಕೆ/ಸಿ/ಒ ಡಿಎಂ, 10 ವರ್ಷ" ಎಂಬ ಸಾಲು ಬೀಳುತ್ತದೆ, ಅಂದರೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಗಿ ಹತ್ತು ವರ್ಷ. ಪಾಲಿಸಿ ಮಾಡಿಸಿ ಮೂರೇ ವರ್ಷ ಆಗಿದ್ದು, ಅರ್ಜಿಯಲ್ಲಿ ಸಕ್ಕರೆ ಕಾಯಿಲೆ "ಇಲ್ಲ" ಎಂದು ಟಿಕ್ ಆಗಿದ್ದರೆ, ಇದ್ದ ಕಾಯಿಲೆಯನ್ನು ಮುಚ್ಚಿಟ್ಟರು ಎಂದು ವಿಮಾ ಕಂಪನಿ ಕ್ಲೇಮ್ ತಿರಸ್ಕರಿಸಲು ಅದೊಂದೇ ಸಾಲು ಸಾಕು. ನಿಜಕ್ಕೂ ಶುಗರ್ ಬಂದು ಎರಡು ವರ್ಷ ಆಗಿರಬಹುದು. ಅಂದಾಜಿನಲ್ಲಿ ಆಡಿದ ಮಾತು ಕಾಗದಕ್ಕೆ ಬಂದ ಮೇಲೆ ಪುರಾವೆಯಾಗಿಬಿಡುತ್ತದೆ.

ಅದಕ್ಕೇ ಆಸ್ಪತ್ರೆಯ ವಿಮಾ ಮೇಜಿನಲ್ಲಿ ಕೂರುವ ನಾವು ಎಲ್ಲರಿಗೂ ಮೊದಲು ಹೇಳುವುದು ಇಷ್ಟು: ಬಿಪಿ, ಶುಗರ್, ಥೈರಾಯ್ಡ್, ಹೃದಯದ ತೊಂದರೆ, ಯಾವುದೇ ಇರಲಿ, ಅದು ಮೊದಲ ಸಲ ಗೊತ್ತಾದಾಗ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಎಸೆಯಬೇಡಿ. ಹಳೆಯ ಚೀಟಿ ಈಗ ಯಾಕೆ ಎಂದು ಒಲೆಗೆ ಹಾಕುವ ಮನೆಗಳೇ ಜಾಸ್ತಿ. ಚೀಟಿ ಇದ್ದರೆ ತಾರೀಖು ನೋಡಿ ಡಾಕ್ಟರಿಗೆ ಸರಿಯಾಗಿ ಹೇಳಬಹುದು. ಕೇಸ್ ಶೀಟಿನಲ್ಲಿ ತಪ್ಪು ಬಿದ್ದಿದ್ದರೂ, ಚಿಕಿತ್ಸೆ ಕೊಟ್ಟ ಡಾಕ್ಟರಿಂದಲೇ ಆಸ್ಪತ್ರೆಯ ಲೆಟರ್‌ಹೆಡ್ಡಿನಲ್ಲಿ ತಿದ್ದುಪಡಿ ಪತ್ರ ಬರೆಸಿ, ಈ ಚೀಟಿಯ ಪ್ರತಿ ಲಗತ್ತಿಸಬಹುದು. ಡಿಸ್ಚಾರ್ಜ್ ಆಗುವ ಮೊದಲೇ ಈ ಪತ್ರ ಕೇಳಿ. ಮನೆಗೆ ಹೋದ ಮೇಲೆ ಅದನ್ನು ಬರೆಸುವುದು ಬಲು ಕಷ್ಟ.

ಪಾಲಿಸಿ ಮಾಡಿಸುವಾಗ ಏಜೆಂಟರು "ಇದೆಲ್ಲ ಬರೆಯೋದು ಬೇಡ" ಅಂದಿದ್ದರೆ, ಕಾಯಿಲೆ ನಿಜವಾಗಿಯೂ ಆಗಲೇ ಇದ್ದಿದ್ದರೆ, ಈಗಲೇ ಕಂಪನಿಗೆ ಬರೆದು ತಿಳಿಸಿ. ಪ್ರೀಮಿಯಂ ಏರಿಸಬಹುದು, ಆ ಕಾಯಿಲೆಗೆ ಹಣ ಸಿಗದ ಕಾಯುವ ಅವಧಿ ಹಾಕಬಹುದು. ಆದರೂ ಐಸಿಯು ಬಾಗಿಲಲ್ಲಿ ನಿಂತಾಗ ಗೊತ್ತಾಗುವುದಕ್ಕಿಂತ ಅದು ವಾಸಿ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ತಂದ ನಿಯಮದ ಪ್ರಕಾರ ಮೊದಲೇ ಇದ್ದ ಕಾಯಿಲೆಗೆ ಕಾಯುವ ಅವಧಿ 3 ವರ್ಷ ಮೀರುವಂತಿಲ್ಲ. ಪಾಲಿಸಿ ತಪ್ಪದೆ 60 ತಿಂಗಳು ನಡೆದಿದ್ದರೆ, ವಂಚನೆ ಸಾಬೀತಾಗದ ಹೊರತು, ಮಾಹಿತಿ ಮುಚ್ಚಿಟ್ಟಿರಿ ಎಂಬ ಕಾರಣಕ್ಕೆ ಕ್ಲೇಮ್ ತಳ್ಳಿಹಾಕುವಂತಿಲ್ಲ. 65 ದಾಟಿದವರಿಗೆ ಹೊಸ ಪಾಲಿಸಿ ಸಿಗದು ಎಂಬ ಹಳೆಯ ಮಾತೂ ಈಗ ನಿಯಮದಲ್ಲಿಲ್ಲ.

ಕೊಡಗಿನಲ್ಲಿ ನಮ್ಮನ್ನು ಇಷ್ಟೇ ಕಾಡುವ ಇನ್ನೊಂದು ವಿಷಯ ಹೆಸರು. ಕೊಡವರಲ್ಲಿ ಮನೆಹೆಸರು ಮೊದಲು, ಆಮೇಲೆ ತಂದೆಯ ಅಥವಾ ಗಂಡನ ಹೆಸರಿನ ಇನಿಷಿಯಲ್, ಕೊನೆಗೆ ಸ್ವಂತ ಹೆಸರು. ಆಧಾರ್‌ನಲ್ಲಿ ಮನೆಹೆಸರು ಪೂರ್ತಿ ಇರುತ್ತದೆ, ಪಾಲಿಸಿಯಲ್ಲಿ ಅದು ಒಂದೇ ಅಕ್ಷರಕ್ಕೆ ಇಳಿದಿರುತ್ತದೆ, ಬ್ಯಾಂಕ್ ಪುಸ್ತಕದಲ್ಲಿ ಸ್ವಂತ ಹೆಸರೇ ಮೊದಲು ಬಂದಿರುತ್ತದೆ. ಹೆಂಗಸರದ್ದು ಇನ್ನೂ ತೊಡಕು: ಹಳೆಯ ಕಾಗದಗಳಲ್ಲಿ ತವರಿನ ಮನೆಹೆಸರು, ರೇಷನ್ ಕಾರ್ಡಿನಲ್ಲಿ ಗಂಡನ ಮನೆಯದು. ಒಂದರಲ್ಲಿ "ಬೋಜಮ್ಮ", ಇನ್ನೊಂದರಲ್ಲಿ "ಭೋಜಮ್ಮ". ಮನೆಯವರಿಗೆ ಇದರಲ್ಲಿ ತಪ್ಪೇನೂ ಕಾಣದು. ಕಂಪ್ಯೂಟರಿಗೆ ಮಾತ್ರ ಇವರು ಬೇರೆ ಬೇರೆ ಜನ.

ಎಲ್ಲವನ್ನೂ ತಿದ್ದಲು ಓಡಾಡಬೇಡಿ. ಆಧಾರ್‌ನಲ್ಲಿರುವ ಹೆಸರು ಸರಿ ಇದ್ದರೆ ಅದನ್ನೇ ಆಧಾರವಾಗಿ ಇಟ್ಟುಕೊಂಡು ಮೊದಲು ಪಾಲಿಸಿ, ನಂತರ ಬ್ಯಾಂಕ್ ಖಾತೆ, ಆಮೇಲೆ ರೇಷನ್ ಕಾರ್ಡು, ಹೀಗೆ ಒಂದೊಂದಾಗಿ ಹೊಂದಿಸಿ. ಪಾಲಿಸಿಯಲ್ಲಿ ಹೆಸರು ತಿದ್ದುವುದನ್ನು ಎಂಡೋರ್ಸ್‌ಮೆಂಟ್ ಅನ್ನುತ್ತಾರೆ. ಒಂದು ಅರ್ಜಿ ಮತ್ತು ಆಧಾರ್ ಪ್ರತಿ ಕೊಟ್ಟರೆ ಸಾಮಾನ್ಯವಾಗಿ ಆಗಿಹೋಗುವ ಕೆಲಸ. ಆಧಾರ್‌ನಲ್ಲೇ ತಪ್ಪಿದ್ದರೆ ಎಚ್ಚರ ಬೇಕು: ಹೆಸರನ್ನು ಎರಡು ಸಲ, ಹುಟ್ಟಿದ ತಾರೀಖನ್ನು ಒಂದೇ ಒಂದು ಸಲ ತಿದ್ದಲು ಅವಕಾಶ. ದಾಖಲೆ ಕೈಯಲ್ಲಿಲ್ಲದೆ ಅಂದಾಜಿನ ತಾರೀಖು ಹಾಕಿಸಿ ಆ ಒಂದು ಅವಕಾಶವನ್ನು ಕಳೆದುಕೊಳ್ಳಬೇಡಿ. ತೋಟದ ಲೈನ್ ಮನೆಗಳಲ್ಲಿರುವ ಹಿರಿಯ ಕಾರ್ಮಿಕರಿಗೆ ಹುಟ್ಟಿದ ವರ್ಷವೇ ಬರೆದಿಟ್ಟಿರುವುದಿಲ್ಲ. ಮುಂದೆ ಹೇಳುವ ಹಿರಿಯರ ಕಾರ್ಡಿಗೆ 70 ತುಂಬಿದೆಯೇ ಇಲ್ಲವೇ ಎಂಬುದನ್ನು ಸರ್ಕಾರ ಆಧಾರ್ ನೋಡಿಯೇ ತೀರ್ಮಾನಿಸುವುದರಿಂದ ಈ ವಿಷಯದಲ್ಲಿ ಅವರ ಜೊತೆ ಕೂತು ಮಾತಾಡುವವರು ಬೇಕು.

ಸರ್ಕಾರದ ಯೋಜನೆಗೆ ಬರೋಣ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಹೆಚ್ಚಿನವರು ಎಡವುವುದು ರೆಫರಲ್‌ನಲ್ಲಿ. ತುರ್ತು ಅಲ್ಲದ ಚಿಕಿತ್ಸೆಗೆ ನೇರವಾಗಿ ಮೈಸೂರಿನದೋ ಮಂಗಳೂರಿನದೋ ಖಾಸಗಿ ಆಸ್ಪತ್ರೆಗೆ ಹೋಗಿ ಕಾರ್ಡ್ ತೋರಿಸಿದರೆ ನಡೆಯದು. ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ, ಆ ಚಿಕಿತ್ಸೆ ಅಲ್ಲಿ ಸಿಗದಿದ್ದರೆ ರೆಫರಲ್ ಪಡೆದುಕೊಂಡೇ ಹೋಗಬೇಕು. ಹೃದಯಾಘಾತ, ಅಪಘಾತದಂಥ ತುರ್ತಿಗೆ ರೆಫರಲ್ ಬೇಡ. ಆದರೆ ಒಳಗೆ ಕಾಲಿಟ್ಟ ಕೂಡಲೇ ಯೋಜನೆಯ ಕೆಲಸ ನೋಡಿಕೊಳ್ಳುವ ಆರೋಗ್ಯ ಮಿತ್ರರನ್ನು ಹುಡುಕಿ ಕಾರ್ಡ್ ಕೊಡಬೇಕು. ಮುಂಗಡ ಕಟ್ಟಿ, ಎರಡು ದಿನ ಬಿಟ್ಟು ಕಾರ್ಡ್ ತೆಗೆದರೆ ಕೈಯಿಂದ ಹೋದ ಹಣ ವಾಪಸು ಬರುವುದು ಕಷ್ಟ.

2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ತುಂಬಿದ ಎಲ್ಲರಿಗೂ, ಆದಾಯ ನೋಡದೆ, 5 ಲಕ್ಷದ ಆಯುಷ್ಮಾನ್ ವಯ ವಂದನಾ ಕಾರ್ಡನ್ನು ಶುರು ಮಾಡಿತು. ಒಂದೇ ಮನೆಯಲ್ಲಿ ಗಂಡ ಹೆಂಡತಿ ಇಬ್ಬರಿಗೂ 70 ಆಗಿದ್ದರೆ ಆ 5 ಲಕ್ಷ ಇಬ್ಬರಿಗೂ ಸೇರಿ. ಕಾರ್ಡ್ ಮಾಡಿಸಿದರೆ ಕೆಲಸ ಮುಗಿಯಿತು ಅಂದುಕೊಳ್ಳಬೇಡಿ. ನೀವು ಹೋಗಬೇಕೆಂದಿರುವ ಆಸ್ಪತ್ರೆಯ ವಿಮಾ ಮೇಜಿಗೆ ಮೊದಲೇ ಫೋನ್ ಮಾಡಿ, ಈ ಕಾಯಿಲೆಗೆ ಈ ಕಾರ್ಡ್ ಇಲ್ಲಿ ನಡೆಯುತ್ತದೆಯೇ ಎಂದು ಕಾಯಿಲೆಯ ಹೆಸರು ಹೇಳಿಯೇ ಕೇಳಿ. ಸಹಾಯವಾಣಿ 14555. ಸೈನ್ಯದಿಂದ ನಿವೃತ್ತರಾಗಿ ಇಸಿಎಚ್‌ಎಸ್ ಎಂಬ ಮಾಜಿ ಸೈನಿಕರ ಆರೋಗ್ಯ ಯೋಜನೆ ಇರುವ ಮನೆಗಳು ನಮ್ಮಲ್ಲಿ ಬಹಳ. ಅವರು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಇಸಿಎಚ್‌ಎಸ್ ಬಿಟ್ಟುಕೊಡುವ ಮುಂಚೆ ಹತ್ತು ಸಲ ಯೋಚಿಸಿ, ಅದರಲ್ಲಿ ತಿಂಗಳ ಮಾತ್ರೆಯೂ ಸಿಗುತ್ತದೆ, ಇದರಲ್ಲಿ ಹೊರರೋಗಿ ಚಿಕಿತ್ಸೆ ಇಲ್ಲ. ಇಸಿಎಚ್‌ಎಸ್ ಪಟ್ಟಿಯಲ್ಲಿಲ್ಲದ ಆಸ್ಪತ್ರೆಗೆ ತುರ್ತಾಗಿ ಸೇರಿಸಿದ್ದರೆ 48 ಗಂಟೆಯೊಳಗೆ ಹತ್ತಿರದ ಪಾಲಿಕ್ಲಿನಿಕ್‌ಗೆ ತಿಳಿಸುವುದು ಕಡ್ಡಾಯ.

ಇನ್ನು ಖಾಸಗಿ ಪಾಲಿಸಿಯ ಲೆಕ್ಕ. ಇದನ್ನು ಮಾತ್ರ ನಿಧಾನವಾಗಿ ಓದಿ. ಹಳೆಯ 3 ಲಕ್ಷದ ಪಾಲಿಸಿ, ಕೋಣೆ ಬಾಡಿಗೆ ಮಿತಿ ಪಾಲಿಸಿ ಮೊತ್ತದ ಶೇ. 1, ಅಂದರೆ ದಿನಕ್ಕೆ 3,000. ಅಪ್ಪನಿಗೆ ನೆಮ್ಮದಿಯಾಗಿರಲಿ ಎಂದು ಮಗ ದಿನಕ್ಕೆ 5,000ದ ಕೋಣೆ ಹಿಡಿದ. ನಾಲ್ಕು ದಿನಕ್ಕೆ ಹೆಚ್ಚೆಂದರೆ 8,000 ಕೈಯಿಂದ ಹೋಗಬಹುದು ಎಂಬುದು ಅವನ ಎಣಿಕೆ. ಬಿಲ್ಲು 1,80,000: ಕೋಣೆ 20,000, ಡಾಕ್ಟರ ಫೀಸು, ಆಪರೇಷನ್ ಥಿಯೇಟರ್, ನರ್ಸಿಂಗ್ ಸೇರಿ 1,00,000, ಔಷಧಿ, ಪರೀಕ್ಷೆ, ಇಂಪ್ಲಾಂಟ್ 60,000. ಐದರಲ್ಲಿ ಮೂರು ಪಾಲಿಗೆ ಮಾತ್ರ ಅರ್ಹತೆ ಇರುವುದರಿಂದ ಕೋಣೆಗೆ 12,000 ಸಿಗುತ್ತದೆ, ಡಾಕ್ಟರ ಫೀಸಿನ ಬಾಬತ್ತಿಗೂ ಅದೇ ಕತ್ತರಿ ಬಿದ್ದು 60,000 ಸಿಗುತ್ತದೆ. ಔಷಧಿ, ಪರೀಕ್ಷೆ, ಇಂಪ್ಲಾಂಟಿಗೆ ಈ ಕತ್ತರಿ ಹಾಕುವಂತಿಲ್ಲ, ಆ 60,000 ಪೂರ್ತಿ. ಒಟ್ಟು 1,32,000. ಹಿರಿಯರ ಪಾಲಿಸಿ ಎಂದು ಶೇ. 20 ಕೋ-ಪೇ, ಅಂದರೆ ನಾವೇ ಕೈಯಿಂದ ಕಟ್ಟಬೇಕಾದ ಪಾಲು, ಇದ್ದರೆ ಅದರಿಂದ ಇನ್ನೂ 26,400 ಕಡಿತ. ಕೊನೆಗೆ ಬರುವುದು 1,05,600, ಮಗ ಕಟ್ಟಬೇಕಾದ್ದು 74,400. ಕೈಗವಸು, ಡೈಪರ್ ಥರದ ಸಾಮಾನಿಗೆ ಹಣ ಕೊಡದಿದ್ದರೆ ಅದೂ ಇದರ ಮೇಲೆ.

ಆದ್ದರಿಂದ ದಾಖಲಾಗುವಾಗ "ಯಾವ ರೂಮು ಬೇಕು?" ಎಂದು ಕೇಳಿದರೆ, "ನಮ್ಮ ಪಾಲಿಸಿಯಲ್ಲಿ ದಿನಕ್ಕೆ ಎಷ್ಟಿದೆ ನೋಡಿ, ಅದರೊಳಗಿನದು ಕೊಡಿ" ಎಂದು ಹೇಳಿ. ಆ ಕೋಣೆ ಖಾಲಿ ಇಲ್ಲದೆ ದೊಡ್ಡದಕ್ಕೆ ಹಾಕಿದರೆ, ಖಾಲಿ ಇರಲಿಲ್ಲ ಎಂದು ಬರೆಸಿಕೊಳ್ಳಿ.

ನಮ್ಮ ಜಿಲ್ಲೆಗೆ ಅಂಟಿದ ಇನ್ನೊಂದು ತೊಡಕಿದೆ. ಮೊದಲೆರಡು ದಿನ ಇಲ್ಲೇ ಹತ್ತಿರದ ನರ್ಸಿಂಗ್ ಹೋಮ್, ಆಮೇಲೆ ಮೈಸೂರು. ಆಂಬುಲೆನ್ಸ್ ಹೊರಗೆ ನಿಂತಿರುವಾಗ ಮೊದಲ ಆಸ್ಪತ್ರೆಯ ಕಾಗದ ಕೇಳಲು ಯಾರಿಗೂ ನೆನಪಾಗುವುದಿಲ್ಲ. ಅಲ್ಲಿನ ಡಿಸ್ಚಾರ್ಜ್ ಸಮರಿ, ಬಿಡಿಬಿಡಿಯಾದ ಬಿಲ್ಲು, ಹಣ ಕಟ್ಟಿದ ರಸೀದಿ, ಇಸಿಜಿ ಮತ್ತು ಎಕ್ಸ್-ರೇ ಇಲ್ಲದಿದ್ದರೆ ಆ ಎರಡು ದಿನದ ಖರ್ಚು ಹೋದಂತೆಯೇ. ರೋಗಿಯ ಜೊತೆ ಒಬ್ಬರು ಹೋಗಲಿ, ಕಾಗದಕ್ಕೆ ಇನ್ನೊಬ್ಬರು ಹಿಂದೆ ಉಳಿಯಲಿ. ಆಂಬುಲೆನ್ಸ್ ರಸೀದಿಯನ್ನೂ ಬಿಡಬೇಡಿ, ಆದರೆ ಆರೋಗ್ಯ ಸಂಜೀವಿನಿಯಂಥ ಪಾಲಿಸಿಯಲ್ಲಿ ಅದಕ್ಕೆ ಸಿಗುವುದು 2,000 ಮಾತ್ರ; ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಎಂಬುದು ನೆನಪಿರಲಿ.

ನವೀಕರಣದ ತಾರೀಖು ಜುಲೈ-ಆಗಸ್ಟಿನಲ್ಲಿ ಬಿದ್ದರೆ ತೋಟದ ಮನೆಗಳಿಗೆ ಕಷ್ಟ. ಕಾಫಿ ಮಾರಿದ ಹಣ ಖರ್ಚಾಗಿರುತ್ತದೆ, ಮಳೆಗೆ ಕರೆಂಟ್ ಇಲ್ಲ, ನೆಟ್‌ವರ್ಕ್ ಇಲ್ಲ. ಗಡುವು ದಾಟಿದ ಮೇಲೆ 30 ದಿನದ ರಿಯಾಯಿತಿ ಅವಧಿಯಲ್ಲಿ ಕಟ್ಟಿದರೆ ಪಾಲಿಸಿಯ ಹಳೆಯ ವರ್ಷಗಳ ಲೆಕ್ಕ ಉಳಿಯುತ್ತದೆ, ಆದರೆ ಕಟ್ಟದೆ ಬಿಟ್ಟ ಆ ದಿನಗಳಲ್ಲಿ ಆಸ್ಪತ್ರೆ ಸೇರಿದರೆ ಹಣ ಬರುವುದಿಲ್ಲ. ಕಾಫಿ ದುಡ್ಡು ಕೈಯಲ್ಲಿರುವಾಗಲೇ ಪ್ರೀಮಿಯಂ ಮೊತ್ತವನ್ನು ಬೇರೆ ತೆಗೆದಿಡಿ, ಇಲ್ಲವೇ ಎರಡು ಮೂರು ವರ್ಷಕ್ಕೆ ಒಟ್ಟಿಗೆ ಕಟ್ಟುವ ಸೌಲಭ್ಯ ಇದೆಯೇ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಶೇ. 18 ಜಿಎಸ್‌ಟಿ ಇಲ್ಲ; ರಸೀದಿಯಲ್ಲಿ ನೋಡಿಕೊಳ್ಳಿ. ಹಿರಿಯರ ಪ್ರೀಮಿಯಂ ಒಂದು ವರ್ಷದಲ್ಲಿ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಪ್ರಾಧಿಕಾರದ ಜೊತೆ ಸಮಾಲೋಚಿಸಬೇಕು. ಬೆಂಗಳೂರಿನ ಮಗನ ಆಫೀಸ್ ಪಾಲಿಸಿಯನ್ನೇ ನಂಬಿಕೊಂಡಿದ್ದರೆ, ಅವನು ಕೆಲಸ ಬಿಟ್ಟ ದಿನ ಅದೂ ಮುಗಿಯುತ್ತದೆ. ಬಿಡುವ ಮುಂಚೆಯೇ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳಲು ಅರ್ಜಿ ಕೊಡಲಿ.

ದಿನನಿತ್ಯದ ಕೆಲಸಗಳಲ್ಲಿ ಎಲ್ಲವೂ ಬಂದು ನಿಲ್ಲುವುದು ಒಟಿಪಿಯ ಮುಂದೆ. ಆಧಾರ್‌ಗೆ ಕೊಟ್ಟ ನಂಬರ್ ರೀಚಾರ್ಜ್ ಇಲ್ಲದೆ ಸತ್ತುಹೋಗಿರುತ್ತದೆ, ಇಲ್ಲವೇ ದುಬೈಯಲ್ಲಿರುವ ಮಗಳ ಹಳೆಯ ಸಿಮ್ ಆಗಿರುತ್ತದೆ. ಹಿರಿಯರ ಕೈಯಲ್ಲೇ ಇರುವ ಫೋನಿನ ನಂಬರನ್ನು ಜೋಡಿಸಿ. ಪೋಸ್ಟ್‌ಮ್ಯಾನ್ ಮೂಲಕ ಮನೆಯಲ್ಲೇ ಮಾಡಿಸಿಕೊಳ್ಳುವ ವ್ಯವಸ್ಥೆ ಅಂಚೆ ಇಲಾಖೆಯಲ್ಲಿದೆ, ಪಿಂಚಣಿದಾರರ ಜೀವಂತ ಪ್ರಮಾಣಪತ್ರವನ್ನೂ ಅವರೇ ಮಾಡಿಕೊಡುತ್ತಾರೆ. ಅದನ್ನು ಸರ್ಕಾರಿ ಪಿಂಚಣಿದಾರರು ನವೆಂಬರಿನಲ್ಲಿ ಕೊಡಬೇಕು, 80 ತುಂಬಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. ವರ್ಷಗಟ್ಟಲೆ ಕಾಫಿ ಕುಯ್ದು, ಕತ್ತಿ ಹಿಡಿದು ದುಡಿದ ಬೆರಳಿನ ಗೆರೆ ಸವೆದಿರುತ್ತದೆ; ಹೆಬ್ಬೆರಳನ್ನು ಎಷ್ಟು ಒತ್ತಿದರೂ ಯಂತ್ರ ಒಪ್ಪುವುದಿಲ್ಲ. ಬಿಸಿನೀರಿನಲ್ಲಿ ಕೈ ತೊಳೆದು ಒರೆಸಿ, ಯಂತ್ರದ ಗಾಜನ್ನೂ ಒರೆಸಿ, ಹತ್ತೂ ಬೆರಳನ್ನು ಒಂದೊಂದಾಗಿ ಇಟ್ಟು ನೋಡಿ. ಹೆಚ್ಚು ದುಡಿಯದ ಕೈಯ ಉಂಗುರದ ಬೆರಳು ಕೆಲವೊಮ್ಮೆ ಒಪ್ಪುತ್ತದೆ. ಯಾವುದೂ ಆಗದಿದ್ದರೆ ಮುಖ ಗುರುತಿನ ಆ್ಯಪ್ ಇದೆ, ಬೆಳಕಿಗೆ ಮುಖ ಮಾಡಿ ಕೂರಿಸಿ.

ಬ್ಯಾಂಕ್ ವಿಷಯ ಎರಡೇ ಮಾತು. ಖಾತೆಗೆ ನಾಮಿನಿ ಇದ್ದರೆ ಸಾಕು ಅಂದುಕೊಂಡಿರುತ್ತಾರೆ. ಖಾತೆದಾರರು ಬದುಕಿರುವವರೆಗೆ ನಾಮಿನಿ ಒಂದು ರೂಪಾಯಿಯನ್ನೂ ತೆಗೆಯುವಂತಿಲ್ಲ, ಅಪ್ಪ ಐಸಿಯುನಲ್ಲಿದ್ದರೂ ಅಷ್ಟೇ. ಗಂಡ ಹೆಂಡತಿಯ ಅಥವಾ ನಂಬಿಕೆಯ ಮಗ ಮಗಳ ಜೊತೆ ಇಬ್ಬರಲ್ಲಿ ಯಾರು ಬೇಕಾದರೂ ಹಣ ತೆಗೆಯಬಹುದಾದ "ಐದರ್ ಆರ್ ಸರ್ವೈವರ್" ಜಂಟಿ ಖಾತೆಯಲ್ಲಿ ಆಸ್ಪತ್ರೆಯ ಖರ್ಚಿಗೆ ಆಗುವಷ್ಟು ಹಣ ಇರಲಿ.

ಡಿಸ್ಚಾರ್ಜ್ ದಿನ ಆಸ್ಪತ್ರೆಯಿಂದ ಕೋರಿಕೆ ಹೋದ ಮೂರು ಗಂಟೆಯೊಳಗೆ ಕಂಪನಿ ಅಂತಿಮ ಒಪ್ಪಿಗೆ ಕೊಡಬೇಕು. ಅದರಿಂದಾಚೆ ತಡವಾಗಿ ಹೆಚ್ಚುವರಿ ಕೋಣೆ ಬಾಡಿಗೆ ಬಿದ್ದರೆ ಅದು ಕಂಪನಿಯ ಹೊರೆ. ಹಾಗಾಗಿ ಆಸ್ಪತ್ರೆಯವರು ಕೋರಿಕೆ ಕಳಿಸಿದ ಗಂಟೆಯನ್ನು ಕೇಳಿ ಬರೆದಿಟ್ಟುಕೊಳ್ಳಿ. ಕ್ಲೇಮ್ ತಿರಸ್ಕರಿಸಿದರೆ ಪಾಲಿಸಿಯ ಯಾವ ಷರತ್ತಿನಡಿ ಎಂದು ಬರವಣಿಗೆಯಲ್ಲೇ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಸರಿಕಾಣದಿದ್ದರೆ, ಒಂದು ವರ್ಷದೊಳಗೆ, ಇಂಥ ದೂರುಗಳನ್ನು ಕೇಳಿ ತೀರ್ಮಾನಿಸುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್‌ಗೆ ಹೋಗಬಹುದು. ಶುಲ್ಕವಿಲ್ಲ, ವಕೀಲರು ಬೇಡ. ಆ ದೂರಿಗೆ ತಿರಸ್ಕಾರ ಪತ್ರ, ಪಾಲಿಸಿ, ಡಿಸ್ಚಾರ್ಜ್ ಸಮರಿ, ಡಾಕ್ಟರು ಬರೆದ ತಿದ್ದುಪಡಿ ಪತ್ರ, ಅದರ ಜೊತೆ ಕಾಯಿಲೆ ಮೊದಲು ಗೊತ್ತಾದ ದಿನದ ಆ ಹಳೆಯ ಚೀಟಿಯ ಪ್ರತಿಯನ್ನೂ ಇಡಿ. ಮೂಲ ಚೀಟಿ ಮಾತ್ರ ಮನೆಯಲ್ಲೇ ಇರಲಿ.